ಆರು ಮಂದಿಗೆ ಒಂದೇ ಭಾನುವಾರ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟಿಕೊಂಡು ಹೋಗುವ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ನಿಯಮಗಳ ಬಗ್ಗೆ ಕೇಳಿದವರು ಕಡಿಮೆ. ಆಟಕ್ಕೆ ದಿನ ಹೊಂದುವುದಿಲ್ಲ, ದಿನ ಹೊಂದಿದರೆ ಕಥೆ ಮುಂದಕ್ಕೆ ಸಾಗುವುದಿಲ್ಲ ಎಂಬ ಎರಡು ದೂರುಗಳೇ ಹೆಚ್ಚು. ಎರಡರ ಬೇರೂ ಒಂದೇ ಎಂದು ನನ್ನ ಎಣಿಕೆ: ನಾವು ಮೊದಲು ಕಥೆಯನ್ನು ಯೋಚಿಸಿ ಆಮೇಲೆ ಅದಕ್ಕೆ ದಿನ ಹುಡುಕುತ್ತೇವೆ, ಕೈಯಲ್ಲಿರುವ ದಿನಗಳನ್ನು ಮೊದಲು ಎಣಿಸಿ, ಅಷ್ಟರಲ್ಲಿ ಹಿಡಿಸುವ ಕಥೆಯನ್ನು ಆಮೇಲೆ ಹೊಲಿಯುವವರು ಅಪರೂಪ. ಆಟದ ಮಂದಿ ಆಡುವ ಪದಗಳನ್ನೇ ನಾನೂ ಇಟ್ಟುಕೊಂಡಿದ್ದೇನೆ. ಕಥೆ ನಡೆಸುವವರು ಡಿಎಂ, ಒಂದು ಸಲದ ಕೂಟ ಸೆಷನ್, ತಿಂಗಳುಗಟ್ಟಲೆ ಮುಂದುವರಿಯುವ ಕಥೆ ಕ್ಯಾಂಪೇನ್.

ಪ್ರಶ್ನೆ: ನಾವು ಆರು ಮಂದಿ ಕಾಲೇಜಿನ ಗೆಳೆಯರು. ಈಗ ಎಲ್ಲರೂ ಕೆಲಸದಲ್ಲಿದ್ದೇವೆ, ಇಬ್ಬರಿಗೆ ಮದುವೆಯಾಗಿದೆ. ಕಳೆದ ಜೂನ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕ್ಯಾಂಪೇನ್ ಆರಂಭಿಸಿದೆವು, ನಾನೇ ಡಿಎಂ. ಪ್ರತಿ ಸೆಷನ್ ಮುಗಿದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ‘ಮುಂದಿನ ಸಲ ಯಾವ ಭಾನುವಾರ?’ ಎಂದು ಪೋಲ್ ಹಾಕುತ್ತೇನೆ. ಎಲ್ಲರಿಗೂ ಒಪ್ಪುವ ದಿನ ಸಿಗುವುದೇ ಇಲ್ಲ. ಒಂಬತ್ತು ತಿಂಗಳಲ್ಲಿ ಏಳು ಸೆಷನ್ ಆಗಿದೆ. ಗೆಳೆಯರಿಗೆ ಆಸಕ್ತಿ ಇಲ್ಲವೆಂದು ತಿಳಿದು ಆಟ ನಿಲ್ಲಿಸಿಬಿಡಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಲ್ಲಿಸುವ ಮೊದಲು ಒಂದು ಲೆಕ್ಕ ನೋಡಿ; ದಾಳ ಹಿಡಿದವರಿಗೆ ಇದು ಹೊಸತಲ್ಲ. ಡಿಎಂ ಆದ ನೀವು ಹೇಗೂ ಇರಲೇಬೇಕು, ಆದ್ದರಿಂದ ನಿಮ್ಮನ್ನು ಬಿಟ್ಟು ಉಳಿದ ಐವರನ್ನು ಮಾತ್ರ ತೆಗೆದುಕೊಳ್ಳೋಣ. ಪ್ರತಿಯೊಬ್ಬರೂ ಹತ್ತು ಭಾನುವಾರಗಳಲ್ಲಿ ಎಂಟಕ್ಕೆ ಬರಬಲ್ಲರು ಎಂದಿಟ್ಟುಕೊಳ್ಳಿ. ಸಂಸಾರಸ್ಥರಿಗೆ ಇದು ಒಳ್ಳೆಯ ಹಾಜರಿಯೇ. ಆದರೂ ಐವರೂ ಒಂದೇ ದಿನ ಬಿಡುವಾಗಿರುವ ಸಾಧ್ಯತೆ ಶೇಕಡಾ 33ಕ್ಕಿಂತ ತುಸು ಕಡಿಮೆ. ನಾಲ್ವರಾದರೂ ಬರುವ ಸಾಧ್ಯತೆ ಶೇಕಡಾ 74ರ ಹತ್ತಿರ, ಮೂವರಾದರೂ ಬರುವುದು ಶೇಕಡಾ 94. ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನ ಗೊತ್ತುಮಾಡಿದಿರಿ ಎನ್ನಿ. ಐವರೂ ಬಂದರೆ ಮಾತ್ರ ಆಟ ಎನ್ನುವ ಗುಂಪು ವರ್ಷಕ್ಕೆ ಎಂಟು ಸಲ ಆಡುತ್ತದೆ. ನಾಲ್ವರು ಸಾಕು ಎನ್ನುವ ಗುಂಪು ಹದಿನೆಂಟರ ಹತ್ತಿರಕ್ಕೆ ಬರುತ್ತದೆ. ಮೂವರು ಸಾಕು ಎಂದರೆ ಇಪ್ಪತ್ತೆರಡು ದಾಟುತ್ತದೆ. ಒಂಬತ್ತು ತಿಂಗಳಿಗೆ ಈ ಲೆಕ್ಕದ ಪ್ರಕಾರ ನಿಮಗೆ ಸಿಗಬೇಕಿದ್ದುದು ಆರು ಸೆಷನ್. ನೀವು ಏಳು ಆಡಿದ್ದೀರಿ. ನಿಮ್ಮ ಗೆಳೆಯರು ಲೆಕ್ಕಕ್ಕಿಂತ ಒಂದು ಕೈ ಹೆಚ್ಚೇ ಬಂದಿದ್ದಾರೆ, ಅವರನ್ನು ದೂರುವಂತಿಲ್ಲ.

ಆದ್ದರಿಂದ ಪೋಲ್ ಹಾಕುವುದನ್ನು ಇಂದೇ ಬಿಡಿ. ಪೋಲ್ ಎಂದರೆ ಪ್ರತಿ ಸಲವೂ ಆಟ ನಡೆಯಬೇಕೋ ಬೇಡವೋ ಎಂದು ಹೊಸದಾಗಿ ಕೇಳಿದಂತೆ. ದಿನವನ್ನು ಒಮ್ಮೆ ಗೊತ್ತುಮಾಡಿ: ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಮಧ್ಯಾಹ್ನ ಮೂರರಿಂದ ಏಳರವರೆಗೆ. ಗುಂಪಿನಲ್ಲಿ ಬ್ಯಾಂಕಿನವರೋ ಸರ್ಕಾರಿ ನೌಕರರೋ ಇದ್ದರೆ ಭಾನುವಾರದ ಬದಲು ಎರಡನೆಯ, ನಾಲ್ಕನೆಯ ಶನಿವಾರವನ್ನು ಹಿಡಿದುಕೊಳ್ಳಿ. ಅದು ಅವರಿಗೆ ರಜೆ, ಯಾರೂ ನೆನಪಿಸಬೇಕಾಗಿಲ್ಲ. ಮೂವರು ಬಂದರೆ ಆಟ ನಡೆಯುತ್ತದೆ ಎಂಬುದನ್ನು ಮೊದಲೇ ಹೇಳಿ, ಹೇಳಿದಂತೆ ನಡೆಸಿ. ಮೊದಲೆರಡು ಸಲ ಮೂವರೇ ಕೂತು ಆಡಿದ ಸುದ್ದಿ ಗುಂಪಿಗೆ ತಲುಪಿದರೆ, ಮೂರನೆಯ ಸಲ ಉಳಿದಿಬ್ಬರೂ ಬಿಡುವು ಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಮೇಲಿನ ಲೆಕ್ಕದಲ್ಲಿ ಒಂದು ಕೊರತೆಯಿದೆ. ಒಬ್ಬರ ಗೈರುಹಾಜರಿಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂದು ಅದು ಭಾವಿಸುತ್ತದೆ, ನಮ್ಮಲ್ಲಿ ಹಾಗಿಲ್ಲ. ಗೌರಿ–ಗಣೇಶ, ದಸರಾ, ದೀಪಾವಳಿಗಳಲ್ಲಿ ಎಲ್ಲರೂ ಒಟ್ಟಿಗೇ ಊರಿಗೆ ಹೊರಡುತ್ತಾರೆ, ಲಗ್ನದ ತಿಂಗಳುಗಳಲ್ಲಿ ಎಲ್ಲರ ಮನೆಗೂ ಕರೆಯೋಲೆ ಬರುತ್ತದೆ. ವರ್ಷದ ಆರಂಭದಲ್ಲೇ ಪಂಚಾಂಗವನ್ನೋ ಗೋಡೆಯ ಕ್ಯಾಲೆಂಡರನ್ನೋ ಎದುರಿಗಿಟ್ಟುಕೊಂಡು ಅಂಥ ದಿನಗಳನ್ನು ತೆಗೆದುಹಾಕಿ. ಇಲ್ಲದ ದಿನಕ್ಕೆ ಕಾದು ನಿರಾಶರಾಗುವುದು ತಪ್ಪುತ್ತದೆ. ಇನ್ನೊಂದು ಕಡೆ, ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳು ಇರುವುದಿಲ್ಲ, ಧನುರ್ಮಾಸದಲ್ಲೂ ಅಷ್ಟೆ. ಇಡೀ ನಾಡು ಅಶುಭವೆಂದು ಬದಿಗಿಟ್ಟ ಆ ಎರಡು ತಿಂಗಳು ಈ ಆಟಕ್ಕೆ ಇರುವುದರಲ್ಲೇ ಶುಭವಾದವು! ಕ್ಯಾಂಪೇನ್‌ನ ಮುಖ್ಯ ಘಟ್ಟವನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಬಾರದವರ ಪಾತ್ರ ಏನಾಗಬೇಕು ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. ಈ ಆಟವನ್ನು ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದಾಗ, ಒಂದು ಕ್ಯಾಂಪೇನ್‌ನಲ್ಲಿ ನಾಲ್ಕರಿಂದ ಐವತ್ತು ಆಟಗಾರರವರೆಗೆ ಇರಬಹುದು, ಇಪ್ಪತ್ತು ಮಂದಿಗೆ ಒಬ್ಬ ನಿರ್ಣಾಯಕರಿದ್ದರೆ ಸಾಕು ಎಂದು ಆ ಪುಟ್ಟ ಪುಸ್ತಿಕೆಯಲ್ಲಿ ಬರೆದಿದ್ದರು. ಐವತ್ತು ಮಂದಿ ಒಂದೇ ದಿನ ಒಂದೇ ಮೇಜಿಗೆ ಬರುತ್ತಾರೆಂದು ಇದರ ಅರ್ಥವಲ್ಲ. ಅಂದು ಬಂದವರು ಅಂದಿನ ತಂಡವಾಗಿ ನೆಲಮಾಳಿಗೆಗೆ ಇಳಿಯುತ್ತಿದ್ದರು, ಮತ್ತೆ ಊರಿಗೆ ಮರಳುತ್ತಿದ್ದರು. ಎಲ್ಲರೂ ಇದ್ದರೇನೇ ಕಥೆ ಎಂಬ ಕಟ್ಟುಪಾಡು ಮೂಲದಲ್ಲಿ ಇರಲಿಲ್ಲ. ಹಳಬರ ಆ ಪದ್ಧತಿಯಲ್ಲಿ ನೀವು ಉಳಿಸಿಕೊಳ್ಳಬೇಕಾದದ್ದು ಒಂದೇ: ಪ್ರತಿ ಸೆಷನ್ ಕೊನೆಗೆ ಪಾತ್ರಗಳು ಊರಿನಲ್ಲೋ ಬಿಡಾರದಲ್ಲೋ ಇರಬೇಕು. ಗುಹೆಯ ನಡುವೆ, ಕತ್ತಿ ಎತ್ತಿದ ಗಳಿಗೆಯಲ್ಲಿ ಆಟ ನಿಲ್ಲಿಸುವುದು ರೋಮಾಂಚಕವೇ ಸರಿ; ಆದರೆ ಆ ಕತ್ತಿ ಎತ್ತಿದವರು ಮುಂದಿನ ಸಲ ಬಾರದೆ ಹೋದರೆ ಇಡೀ ಗುಂಪು ಅವರಿಗಾಗಿ ಕಾಯಬೇಕಾಗುತ್ತದೆ. ಬಿಡಾರದಲ್ಲಿ ನಿಲ್ಲಿಸಿದರೆ, ಅವರ ಪಾತ್ರಕ್ಕೆ ಜ್ವರ ಬಂದು ಮಲಗಿದೆ ಎಂದರೆ ಮುಗಿಯಿತು.

ಸೆಷನ್‌ಗಳ ನಡುವಿನ ಖಾಲಿ ವಾರಗಳೂ ವ್ಯರ್ಥವಲ್ಲ. ಗೈಗಾಕ್ಸ್ 1979ರ ಡಿಎಂ ಕೈಪಿಡಿಯಲ್ಲಿ ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಬೇಕೆಂದು ದೊಡ್ಡಕ್ಷರಗಳಲ್ಲಿ ಬರೆಸಿದ್ದರು; ಆಟ ನಡೆಯದ ಅವಧಿಯಲ್ಲಿ ಇಲ್ಲಿಯ ಒಂದು ದಿನ ಕಥೆಯಲ್ಲೂ ಒಂದು ದಿನ ಎಂದು ಹಿಡಿಯುವುದು ಒಳ್ಳೆಯದೆಂದೂ ಹೇಳಿದ್ದರು. ಬಹಳ ಕಾಲ ನಾನು ಇದನ್ನು ಹಳೆಯವರ ಹಟ ಎಂದೇ ತಿಳಿದಿದ್ದೆ. ಈಗ ಹಾಗೆನಿಸುವುದಿಲ್ಲ. ಹದಿನೈದು ದಿನ ಬಿಟ್ಟು ಸೇರಿದಾಗ ಕಥೆಯಲ್ಲೂ ಹದಿನೈದು ದಿನ ಕಳೆದಿದ್ದರೆ, ಗಾಯ ಮಾಗಿರುತ್ತದೆ, ಕಮ್ಮಾರನಿಗೆ ಕೊಟ್ಟ ಕತ್ತಿ ಸಿದ್ಧವಾಗಿರುತ್ತದೆ, ಶತ್ರುವೂ ಕೈಕಟ್ಟಿ ಕುಳಿತಿರುವುದಿಲ್ಲ. ‘ಇಷ್ಟು ದಿನ ಎಲ್ಲಿದ್ದೆವು?’ ಎಂಬ ಪ್ರಶ್ನೆಗೆ ಕ್ಯಾಲೆಂಡರೇ ಉತ್ತರ ಕೊಡುತ್ತದೆ.

ಇಷ್ಟಾದರೂ ದಿನ ಹೊಂದದಿದ್ದರೆ, ಬೆನ್ ರಾಬಿನ್ಸ್ ಎಂಬ ಆಟದ ವಿನ್ಯಾಸಕರು 2007ರಲ್ಲಿ ವಿವರಿಸಿದ ‘ವೆಸ್ಟ್ ಮಾರ್ಚಸ್’ ಪದ್ಧತಿ ಇದೆ. ಅದರಲ್ಲಿ ನಿಗದಿತ ದಿನವಿಲ್ಲ, ನಿಗದಿತ ತಂಡವೂ ಇಲ್ಲ; ಎಲ್ಲಿಗೆ ಹೋಗಬೇಕು, ಯಾವಾಗ, ಯಾರ ಜೊತೆ ಎಂಬುದನ್ನು ಆಟಗಾರರೇ ತೀರ್ಮಾನಿಸಿ ಡಿಎಂಗೆ ತಿಳಿಸುತ್ತಾರೆ. ಅದಕ್ಕೆ ಹತ್ತು ಹನ್ನೆರಡು ಮಂದಿಯಾದರೂ ಬೇಕು. ನಿಮ್ಮ ಆರು ಮಂದಿಯ ಗುಂಪಿಗೆ ನಾನು ಅದನ್ನು ಹೇಳುವುದಿಲ್ಲ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಶನಿವಾರ ಸಂಜೆ ನಾಲ್ಕು ಗಂಟೆ ಆಡುತ್ತೇವೆ. ಹೋದ ವಾರ ಹನ್ನೆರಡು ಗಾಬ್ಲಿನ್‌ಗಳ (ಕಥೆಯಲ್ಲಿ ಬರುವ ಕುಳ್ಳ ದುಷ್ಟಜೀವಿಗಳ) ಜೊತೆಗಿನ ಒಂದೇ ಕಾಳಗ ಎರಡೂವರೆ ಗಂಟೆ ಹಿಡಿಯಿತು. ತಮ್ಮ ಸರದಿ ಬರುವವರೆಗೆ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಕಾಳಗವನ್ನೇ ಕಡಿಮೆ ಮಾಡಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾಳಗವನ್ನಲ್ಲ, ಕಾಳಗದೊಳಗಿನ ಕಾಯುವಿಕೆಯನ್ನು ಕಡಿಮೆ ಮಾಡಬೇಕು. ಎಲ್ಲರ ಸರದಿಯೂ ಒಮ್ಮೆ ಮುಗಿಯುವ ಒಂದು ಸುತ್ತು ಎಂದರೆ ಕಥೆಯೊಳಗೆ ಆರು ಸೆಕೆಂಡು. ಐವರು ಆಟಗಾರರು ತಲಾ ಮೂರು ನಿಮಿಷ, ಹನ್ನೆರಡು ಗಾಬ್ಲಿನ್‌ಗಳು ತಲಾ ಒಂದೂವರೆ ನಿಮಿಷ ತೆಗೆದುಕೊಂಡರೆ ಆ ಆರು ಸೆಕೆಂಡಿಗೆ ನಮ್ಮ ಗಡಿಯಾರದ 33 ನಿಮಿಷ ಬೇಕು. ಅದರಲ್ಲಿ ಒಬ್ಬೊಬ್ಬ ಆಟಗಾರನಿಗೆ ಸಿಗುವುದು ಮೂರು ನಿಮಿಷ; ಉಳಿದ ಅರ್ಧ ಗಂಟೆ ಮೊಬೈಲ್ ನೋಡದೆ ಇನ್ನೇನು ಮಾಡಿಯಾನು?

ನನ್ನ ಮೇಜಿನಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಮಾಂತ್ರಿಕನ ಪಾತ್ರದ ಗೆಳೆಯನೊಬ್ಬ ಒಂಬತ್ತು ಗಾಬ್ಲಿನ್‌ಗಳು ಗುಂಪಾಗಿ ನಿಂತಿದ್ದಲ್ಲಿಗೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಎಸೆದ. ಅದಕ್ಕೆ ಆರು ಮುಖದ ಎಂಟು ದಾಳ ಉರುಳಿಸಬೇಕು, ಮೇಜಿನ ಮೇಲೆ ಇದ್ದದ್ದು ಮೂರೇ. ಮೊದಲು ಮೂರು, ಮತ್ತೆ ಮೂರು, ಕೊನೆಗೆ ಎರಡು ಉರುಳಿಸುವಷ್ಟರಲ್ಲಿ ಮೊದಲ ಮೊತ್ತ ಅವನಿಗೆ ಮರೆತುಹೋಯಿತು. ಒಂದು ದಾಳ ಉರುಳಿ ಟೀಪಾಯಿಯ ಕೆಳಗೆ ಹೋಯಿತು. ಅದನ್ನು ಹುಡುಕಿ, ಆ ಎಣಿಕೆ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ ಎಂದು ಚರ್ಚಿಸಿ, ಮತ್ತೆ ಮೊದಲಿನಿಂದ ಉರುಳಿಸಿದ್ದಾಯಿತು. ನಾನು ಒಂಬತ್ತು ಗಾಬ್ಲಿನ್‌ಗಳಿಗೂ ಪ್ರತ್ಯೇಕವಾಗಿ ದಾಳ ಹಾಕಿ, ತಪ್ಪಿಸಿಕೊಂಡವಕ್ಕೆ ಅರ್ಧ ಪೆಟ್ಟು ಎಂದು ಬರೆದುಕೊಂಡೆ. ಆರು ನಿಮಿಷ ಕಳೆದ ಮೇಲೆ ಹೊಳೆಯಿತು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯ ನಿಯಮದಂತೆ ಸಾಮಾನ್ಯ ಗಾಬ್ಲಿನ್‌ಗೆ ಇರುವ ಜೀವ ಏಳೇ ಅಂಕ. ಎಂಟು ದಾಳಗಳ ಮೊತ್ತ ಹದಿನಾಲ್ಕು ಮುಟ್ಟಿದರೆ ಅರ್ಧ ಪೆಟ್ಟಿಗೂ ಅವು ಸಾಯುತ್ತವೆ, ಎಂಟು ದಾಳಗಳ ಸರಾಸರಿಯೇ 28. ನಾನು ಮಾಡಬೇಕಿದ್ದುದು ದಾಳಗಳನ್ನು ಒಮ್ಮೆ ನೋಡಿ, ‘ಒಂಬತ್ತೂ ಬೂದಿಯಾದವು’ ಎಂದು ಹೇಳುವುದು ಮಾತ್ರ.

ಆದ್ದರಿಂದ ಒಂದೇ ಜಾತಿಯ ಶತ್ರುಗಳಿಗೆಲ್ಲ ಸರದಿಯ ಕ್ರಮ ಗೊತ್ತುಮಾಡುವ ದಾಳ ಒಂದೇ ಸಲ ಹಾಕಿ. ನಿಯಮಪುಸ್ತಕವೇ ಅದನ್ನು ಹೇಳುತ್ತದೆ. ಅವುಗಳ ಪೆಟ್ಟಿಗೆ ದಾಳ ಉರುಳಿಸದೆ, ಪುಸ್ತಕದಲ್ಲಿ ಅಚ್ಚಾಗಿರುವ ಸರಾಸರಿ ಅಂಕವನ್ನೇ ತೆಗೆದುಕೊಳ್ಳಿ. ಗಾಬ್ಲಿನ್‌ನ ಕತ್ತಿಗೆ ಅದು ಐದು. ಒಬ್ಬರ ಸರದಿ ಆರಂಭವಾದಾಗಲೇ ‘ಇದಾದ ಮೇಲೆ ನೀವು’ ಎಂದು ಮುಂದಿನವರಿಗೆ ಸೂಚನೆ ಕೊಡಿ. ಮಂತ್ರದ ವಿವರ ಓದಿಕೊಳ್ಳುವ ಕೆಲಸವನ್ನು ಅವರು ತಮ್ಮ ಸರದಿಗೆ ಮೊದಲೇ ಮುಗಿಸಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಳಗವನ್ನು ಕೊನೆಯ ಗಾಬ್ಲಿನ್ ಸಾಯುವವರೆಗೂ ಎಳೆಯಬೇಡಿ. ಇದೇ ಆಟದ 1981ರ ಬೇಸಿಕ್ ನಿಯಮಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿತ್ತು. ಒಂದು ಪಕ್ಷದಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧ ಮಂದಿ ಬಿದ್ದಾಗ, ಡಿಎಂ ಆರು ಮುಖದ ಎರಡು ದಾಳ ಹಾಕಿ ಆ ಪಕ್ಷದ ಧೈರ್ಯವನ್ನು ಪರೀಕ್ಷಿಸಬಹುದಿತ್ತು. ಮೊತ್ತ ಅವರ ಧೈರ್ಯದ ಅಂಕವನ್ನು ಮೀರಿದರೆ ಅವರು ಓಡುತ್ತಾರೆ ಅಥವಾ ಶರಣಾಗುತ್ತಾರೆ. ನೀವು ಯಾವ ಆವೃತ್ತಿಯನ್ನು ಆಡುತ್ತಿದ್ದರೂ ಇದನ್ನು ಎರವಲು ತರಬಹುದು. ಓಡಿಹೋದ ಗಾಬ್ಲಿನ್ ಮುಂದಿನ ಸೆಷನ್‌ಗೆ ಒಂದು ಕಾರಣವಾಗುತ್ತದೆ, ಸತ್ತ ಗಾಬ್ಲಿನ್‌ನಿಂದ ಕಥೆಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಆಟಗಾರರಿಗೆ ಮಾತೆಂದರೆ ಪ್ರೀತಿ. ಸಂತೆಯಲ್ಲಿ ಒಂದು ಹಗ್ಗ ಕೊಳ್ಳಲು ವ್ಯಾಪಾರಿಯ ಜೊತೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ನಗು ಬಂದದ್ದು ನಿಜ, ಆದರೆ ಕಥೆ ಅಲ್ಲೇ ನಿಂತಿತು. ತಡೆದರೆ ಬೇಸರವಾದೀತು ಎಂಬ ಅಂಜಿಕೆ.
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಊರಿನವರಿಗೆ ತಾಳಮದ್ದಳೆಯ ಮಾತು ಹೇಳುವುದು ಅಜ್ಜಿಗೆ ಕೆಮ್ಮು ಕಲಿಸಿದಂತೆ. ಆದರೂ ಹೇಳುತ್ತೇನೆ, ಏಕೆಂದರೆ ಬರೆದಿಟ್ಟ ಸಂಭಾಷಣೆಯಿಲ್ಲದೆ, ಕುಳಿತಲ್ಲೇ ಪಾತ್ರವಾಗಿ ಮಾತಾಡುವ ಈ ಆಟಕ್ಕೆ ಅಷ್ಟು ಹತ್ತಿರದ ನೆಂಟ ನನಗೆ ಬೇರೆ ಕಾಣುವುದಿಲ್ಲ. ಪ್ರಸಂಗದಲ್ಲಿರುವ ಪದ್ಯಗಳನ್ನೆಲ್ಲ ಭಾಗವತರು ಹಾಡುವುದಿಲ್ಲ. ಇರುವ ಹೊತ್ತನ್ನು ನೋಡಿ ಆಯ್ದುಕೊಳ್ಳುತ್ತಾರೆ. ಅರ್ಥಧಾರಿಗಳ ಮಾತು ರಂಗೇರಿದರೆ ಬಿಟ್ಟುಕೊಡುತ್ತಾರೆ, ಅದು ಸುತ್ತಿದಲ್ಲೇ ಸುತ್ತತೊಡಗಿದರೆ ಮುಂದಿನ ಪದ್ಯಕ್ಕೆ ದಾರಿ ಮಾಡುತ್ತಾರೆ. ಹಾಗೆಂದು ಅರ್ಥಧಾರಿಗಳು ಮುನಿಸಿಕೊಂಡು ಎದ್ದು ಹೋಗುವುದಿಲ್ಲ. ಇಡೀ ರಾತ್ರಿಯ ಆಟವನ್ನು ಮೂರು ಗಂಟೆಗೆ ಇಳಿಸುವ ಕಾಲಮಿತಿ ಯಕ್ಷಗಾನದಲ್ಲೂ ಆಗುವುದು ಇದೇ ಆಯ್ಕೆ. ನಿಮ್ಮ ಸೆಷನ್‌ಗಳೆಲ್ಲವೂ ಕಾಲಮಿತಿಯವೇ.

2014ರ ಬೆಲೆಪಟ್ಟಿಯಲ್ಲಿ ಐವತ್ತು ಅಡಿ ಸೆಣಬಿನ ಹಗ್ಗಕ್ಕೆ ಒಂದು ಚಿನ್ನದ ನಾಣ್ಯ. ಹಗ್ಗವಷ್ಟೇ ಬೇಕಿದ್ದರೆ ನಾಣ್ಯ ಅಳಿಸಿ, ಹಗ್ಗ ಬರೆದುಕೊಳ್ಳಿ ಎಂದು ಹೇಳಿ ಮುಂದೆ ನಡೆಯಿರಿ. ಆ ವ್ಯಾಪಾರಿ ಹಿಂದಿನ ರಾತ್ರಿಯ ಕೊಲೆಯನ್ನು ಕಂಡವನಾಗಿದ್ದರೆ ಮಾತ್ರ ಅವನಿಗೆ ದನಿ ಕೊಡಿ, ಆಗ ಮುಕ್ಕಾಲು ಗಂಟೆಯಾದರೂ ಆಗಲಿ. ಈ ದೃಶ್ಯ ಮುಗಿದಾಗ ಏನಾದರೂ ಬದಲಾಗಿರುತ್ತದೆಯೇ ಎಂಬುದಷ್ಟೇ ಅಳತೆ. ಮತ್ತೆ, ಆಟಗಾರರು ಮನಸಾರೆ ನಗುತ್ತಿರುವಾಗ ಐದು ನಿಮಿಷ ಬಿಟ್ಟುಕೊಡಲಾರದಷ್ಟು ಅವಸರ ಯಾವ ಕಥೆಗೂ ಇರಬಾರದು.

ಪ್ರಶ್ನೆ: ಪ್ರತಿ ಕಾಳಗ ಮುಗಿದೊಡನೆ ಆಟಗಾರರು ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ತೆಗೆದುಕೊಂಡು ಎಲ್ಲ ಶಕ್ತಿಯನ್ನೂ ಮರಳಿ ಪಡೆಯುತ್ತಾರೆ. ಯಾವ ಅಪಾಯವೂ ಅಪಾಯವೆನಿಸುವುದಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಲಾಂಗ್ ರೆಸ್ಟ್‌ನ ಫಲ ಸಿಗುವುದಿಲ್ಲ ಎಂಬ ನಿಯಮವನ್ನು ಮೊದಲು ಜಾರಿಗೆ ತನ್ನಿ, ಅನೇಕ ಮೇಜುಗಳಲ್ಲಿ ಇದು ಮರೆತುಹೋಗಿರುತ್ತದೆ. ಆದರೆ ತೊಡಕು ಇನ್ನೂ ಆಳದಲ್ಲಿದೆ. 2014ರ ಡಿಎಂ ಕೈಪಿಡಿ ಒಂದು ದಿನಕ್ಕೆ ಆರರಿಂದ ಎಂಟು ಎನ್‌ಕೌಂಟರ್‌ಗಳನ್ನು (ಕಾಳಗದಂಥ ಮುಖಾಮುಖಿಗಳನ್ನು) ಎಣಿಸಿ ಪಾತ್ರಗಳ ಶಕ್ತಿಯನ್ನು ತೂಗಿದೆ. ನಾಲ್ಕು ಗಂಟೆಯ ಸೆಷನ್‌ನಲ್ಲಿ ಮುಗಿಯುವುದು ಎರಡು, ಹೆಚ್ಚೆಂದರೆ ಮೂರು. ಹದಿನೈದು ದಿನಕ್ಕೊಮ್ಮೆ ಆಡುವ ಗುಂಪು ಪುಸ್ತಕವನ್ನು ಹಾಗೆಯೇ ಅನುಸರಿಸಿದರೆ ಕಥೆಯ ಒಂದೇ ಒಂದು ದಿನ ಮುಗಿಯಲು ನಮ್ಮ ಒಂದೂವರೆ ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಯಾರ ಬಳಿ ಎಷ್ಟು ಮಂತ್ರ ಉಳಿದಿತ್ತು ಎಂಬುದು ದೇವರಿಗೇ ಗೊತ್ತು.

ಅದೇ ಕೈಪಿಡಿಯಲ್ಲಿ ಒಂದು ಬದಲಿ ನಿಯಮವಿದೆ: ಶಾರ್ಟ್ ರೆಸ್ಟ್ ಎಂಬ ಚಿಕ್ಕ ವಿಶ್ರಾಂತಿಗೆ ಒಂದು ಗಂಟೆಯ ಬದಲು ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಎಂಟು ಗಂಟೆಯ ಬದಲು ಏಳು ದಿನ. ಆಗ ಒಂದು ಸೆಷನ್‌ನಲ್ಲಿ ಎರಡು ಕಾಳಗ, ಎರಡು ರಾತ್ರಿ ಕಳೆದರೂ ಲಾಂಗ್ ರೆಸ್ಟ್ ಆಗಿರುವುದಿಲ್ಲ. ವಾರ ಪೂರ್ತಿ ಒಂದು ಊರಿನಲ್ಲಿ ನಿಂತರೆ ಮಾತ್ರ ಆಗುತ್ತದೆ. ಮೇಲೆ ಬೆಂಗಳೂರಿನ ಓದುಗರಿಗೆ ಹೇಳಿದ ಲೆಕ್ಕದ ಜೊತೆ ಇದು ಚೆನ್ನಾಗಿ ಕೂಡುತ್ತದೆ, ಏಕೆಂದರೆ ಸೆಷನ್‌ಗಳ ನಡುವಿನ ಎರಡು ವಾರಗಳಲ್ಲೇ ಆ ಏಳು ದಿನ ಅಡಗಿಬಿಡುತ್ತವೆ.

ಬದಲಿ ನಿಯಮ ಬೇಡವೆಂದಾದರೆ ವಿಶ್ರಾಂತಿಗೆ ಬೆಲೆ ಕಟ್ಟಿ. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಆಟದಲ್ಲಿ ಕ್ಲಾಕ್ ಎಂಬ ಸಾಧನವಿದೆ: ಕಾಗದದ ಮೇಲೆ ಒಂದು ವೃತ್ತ, ಅದರಲ್ಲಿ ನಾಲ್ಕೋ ಆರೋ ಎಂಟೋ ಹೋಳು, ತೊಂದರೆ ಹತ್ತಿರವಾದಂತೆಲ್ಲ ಹೋಳುಗಳಿಗೆ ಬಣ್ಣ. ಅಪಹರಣಕಾರರ ದೋಣಿ ಬಂದರು ಬಿಡುವುದಕ್ಕೆ ಆರು ಹೋಳು ಎಂದು ಎಲ್ಲರಿಗೂ ಕಾಣುವಂತೆ ಬರೆದು, ಪ್ರತಿ ಲಾಂಗ್ ರೆಸ್ಟ್‌ಗೂ ಎರಡು ಹೋಳು ತುಂಬಿ. ಮಲಗಬೇಡಿ ಎಂದು ನೀವು ಹೇಳಬೇಕಾಗಿಲ್ಲ. ಕಪ್ಪಾಗುತ್ತಿರುವ ಆ ವೃತ್ತವನ್ನು ನೋಡಿಕೊಂಡು ತಾವೇ ಪಂಜು ಹಿಡಿದು ರಾತ್ರಿಯೇ ಹೊರಡುತ್ತಾರೆ.

ಪ್ರಶ್ನೆ: ಸೆಷನ್ ನಡುವೆ ತಿಂಡಿಗೆ ಎದ್ದರೆ ಮತ್ತೆ ಆಟಕ್ಕೆ ಕೂರಲು ಒಂದು ಗಂಟೆಯಾಗುತ್ತದೆ. ಏನು ಮಾಡುವುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಿಂದು ಆರಂಭಿಸಿ. ನಡುವೆ ಹತ್ತು ನಿಮಿಷದ ಚಹಾ ಸಾಕು. ಮಂಡಕ್ಕಿ ಬೇಕಿದ್ದರೆ ಮೇಜಿಗೇ ಬರಲಿ, ಮಿರ್ಚಿ ಬೇಡ. ಪಾತ್ರದ ವಿವರ ಬರೆದುಕೊಳ್ಳುವ ಕ್ಯಾರೆಕ್ಟರ್ ಶೀಟ್‌ಗೆ ಎಣ್ಣೆಯ ಕೈ ತಾಗಿದರೆ ಅದರ ಮೇಲೆ ಪೆನ್ಸಿಲ್ ಓಡುವುದಿಲ್ಲ.

ಪ್ರಶ್ನೆ: ನಾವು ಇಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬರು ಲಂಡನ್‌ನಲ್ಲಿ, ಇಬ್ಬರು ಬೆಂಗಳೂರಿನಲ್ಲಿದ್ದೇವೆ. ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಕನ್ನಡದಲ್ಲೇ ಆಡುತ್ತೇವೆ. ಶನಿವಾರ ನ್ಯೂಜೆರ್ಸಿಯ ನಮಗೆ ಬೆಳಗ್ಗೆ ಹತ್ತು, ಬೆಂಗಳೂರಿನವರಿಗೆ ಸಂಜೆ ಏಳೂವರೆ. ಅಕ್ಟೋಬರ್ ಬಂತೆಂದರೆ ಯಾರಾದರೂ ಒಬ್ಬರು ಒಂದು ಗಂಟೆ ಮೊದಲೋ ತಡವಾಗಿಯೋ ಬರುತ್ತಾರೆ.
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿ ಭಾರತದಲ್ಲಿಲ್ಲ, ನಿಮ್ಮಲ್ಲೂ ಲಂಡನ್‌ನಲ್ಲೂ ಇದೆ, ಆದರೆ ಒಂದೇ ದಿನವಲ್ಲ. ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಹಿಂದಿಡುತ್ತದೆ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ನಡುವೆ ಬರುವ ಒಂದೇ ಶನಿವಾರ ನಿಮ್ಮ ಗೊಂದಲಕ್ಕೆಲ್ಲ ಮೂಲ. ಮಾರ್ಚ್‌ನಲ್ಲಿ ಇದು ಇನ್ನೂ ಉದ್ದ: ಅಮೆರಿಕ ಎರಡನೆಯ ಭಾನುವಾರವೇ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ, ನಡುವೆ ಎರಡೋ ಮೂರೋ ಶನಿವಾರಗಳು ಸಿಕ್ಕಿಹಾಕಿಕೊಳ್ಳುತ್ತವೆ. ಆದ್ದರಿಂದ ಬದಲಾಗದ ಬೆಂಗಳೂರಿನ ಸಮಯವನ್ನೇ ಗೂಟವಾಗಿ ನೆಡಿ. ಏಳೂವರೆ ಎಂದರೆ ಬೇಸಗೆಯಲ್ಲಿ ನಿಮಗೆ ಬೆಳಗ್ಗೆ ಹತ್ತು, ಲಂಡನ್‌ನವರಿಗೆ ಮಧ್ಯಾಹ್ನ ಮೂರು; ಚಳಿಗಾಲದಲ್ಲಿ ನಿಮಗೆ ಒಂಬತ್ತು, ಅವರಿಗೆ ಎರಡು. ಡಿಸ್ಕಾರ್ಡ್‌ನಲ್ಲಿ ಸಮಯವನ್ನು ಟೈಮ್‌ಸ್ಟ್ಯಾಂಪ್ ಆಗಿ ಹಾಕಿದರೆ ನೋಡುವವರಿಗೆ ಅವರವರ ಊರಿನ ಗಂಟೆಯಲ್ಲೇ ಕಾಣುತ್ತದೆ.

ಸೆಷನ್ ಎರಡೂವರೆ ಗಂಟೆಯ ಮೇಲೆ ಹೋಗದಿರಲಿ. ಬೆಂಗಳೂರಿನವರಿಗೆ ಅಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಎದುರೆದುರು ಕುಳಿತಾಗ ಇಬ್ಬರು ಒಟ್ಟಿಗೆ ಮಾತಾಡಿದರೂ ಅರ್ಥವಾಗುತ್ತದೆ, ಹೆಡ್‌ಫೋನ್‌ನಲ್ಲಿ ಆಗುವುದಿಲ್ಲ. ಸರದಿಗೆ ಕಾದು ಕಾದು ಮನಸ್ಸು ಬೇಗ ದಣಿಯುತ್ತದೆ.

ಪ್ರಶ್ನೆ: ನಮ್ಮ ಪಾತ್ರಗಳನ್ನು ಒಂದನೇ ಲೆವೆಲ್‌ನಿಂದ ಇಪ್ಪತ್ತಕ್ಕೆ ಒಯ್ಯಬೇಕೆಂಬ ಆಸೆ. ಎಷ್ಟು ಕಾಲ ಬೇಕಾದೀತು? ತಿಂಗಳಿಗೆ ಎರಡು ಸಲ ಸೇರುತ್ತೇವೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅನುಭವದ ಅಂಕಗಳನ್ನು ಎಣಿಸದೆ ಸೆಷನ್ ಲೆಕ್ಕದಲ್ಲೇ ಲೆವೆಲ್ ಏರಿಸುವವರಿಗೆ 2014ರ ಕೈಪಿಡಿ ಕೊಡುವ ಅಂದಾಜು ಹೀಗಿದೆ: ಮೊದಲ ಸೆಷನ್ ಮುಗಿದಾಗ ಎರಡನೇ ಲೆವೆಲ್, ಇನ್ನೊಂದಕ್ಕೆ ಮೂರು, ಮತ್ತೆರಡಕ್ಕೆ ನಾಲ್ಕು, ಅಲ್ಲಿಂದ ಮುಂದೆ ಪ್ರತಿ ಲೆವೆಲ್‌ಗೂ ಎರಡು ಅಥವಾ ಮೂರು, ಸೆಷನ್ ಎಂದರೆ ಸುಮಾರು ನಾಲ್ಕು ಗಂಟೆ. ಹಾಗಾದರೆ ಹತ್ತನೇ ಲೆವೆಲ್‌ಗೆ 16ರಿಂದ 22 ಸೆಷನ್, ಇಪ್ಪತ್ತಕ್ಕೆ 36ರಿಂದ 52. ಗೊತ್ತುಮಾಡಿದ 24 ದಿನಗಳಲ್ಲಿ ಹದಿನೆಂಟು ನಡೆದರೆ ಹತ್ತಕ್ಕೆ ಒಂದು ವರ್ಷ, ಇಪ್ಪತ್ತಕ್ಕೆ ಎರಡರಿಂದ ಮೂರು ವರ್ಷ. ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬರಿಗೆ ವರ್ಗ, ಒಬ್ಬರಿಗೆ ಮಗು, ಒಬ್ಬರಿಗೆ ಬೇರೆ ಊರಿನ ಕೆಲಸ. ಅಂತರಜಾಲದಲ್ಲಿ ಹೆಸರಾದ ‘ಕ್ರಿಟಿಕಲ್ ರೋಲ್’ ತಂಡವನ್ನು ನೋಡಿ ಹೋಲಿಸಿಕೊಳ್ಳಬೇಡಿ. 2015ರ ಮಾರ್ಚ್‌ನಿಂದ 2017ರ ಅಕ್ಟೋಬರ್‌ವರೆಗೆ ಅವರ ಮೊದಲ ಕ್ಯಾಂಪೇನ್ 115 ಕಂತು ನೇರ ಪ್ರಸಾರವಾಯಿತು ನಿಜ, ಆದರೆ ಅವರು ವೃತ್ತಿಪರ ಕಂಠದಾನ ಕಲಾವಿದರು, ಗುರುವಾರ ರಾತ್ರಿಯ ಆ ಆಟ ಕ್ರಮೇಣ ಅವರ ಕೆಲಸವೇ ಆಯಿತು.

ಎಂಟು ಹತ್ತು ಸೆಷನ್‌ಗೆ ಮುಗಿಯುವ ಕಥೆ ಕಟ್ಟಿ, ಅದಕ್ಕೆ ಸರಿಯಾದ ಮುಕ್ತಾಯ ಕೊಡಿ. ಉತ್ಸಾಹ ಉಳಿದಿದ್ದರೆ ಅದೇ ಪಾತ್ರಗಳೊಂದಿಗೆ ಎರಡನೆಯ ಭಾಗ. ಇಪ್ಪತ್ತನೇ ಲೆವೆಲ್‌ನ ರುಚಿಯೇ ನೋಡಬೇಕೆಂದಿದ್ದರೆ, ನೇರವಾಗಿ ಆ ಲೆವೆಲ್‌ನ ಪಾತ್ರಗಳನ್ನು ಮಾಡಿಕೊಂಡು, ಒಂದೇ ಸೆಷನ್‌ಗೆ ಮುಗಿಯುವ ಒನ್‌ಶಾಟ್ ಆಡಿ. ಅದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಎರಡು ವಾರ ಕಳೆದು ಸೇರಿದಾಗ ಹಿಂದೆ ನಡೆದದ್ದು ಯಾರಿಗೂ ನೆನಪಿರುವುದಿಲ್ಲ. ನಾನು ಹತ್ತು ಪುಟ ತಯಾರಿ ಮಾಡಿಕೊಂಡು ಹೋದರೆ ಅವರು ಬೇರೆಯೇ ದಾರಿ ಹಿಡಿಯುತ್ತಾರೆ. ಬರಬರುತ್ತ ನನಗೇ ಸಾಕೆನಿಸಿದೆ.
– ಓದುಗರೊಬ್ಬರು, ಹಾಸನ

ಉತ್ತರ: ಹಿಂದಿನ ಕಥೆಯನ್ನು ನೀವು ಹೇಳಬೇಡಿ, ಆಟಗಾರರಲ್ಲಿ ಒಬ್ಬರು ಹೇಳಲಿ, ಪ್ರತಿ ಸಲ ಬೇರೆಯವರು. ಅವರು ಯಾವುದನ್ನು ಹೇಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ಮಾತ್ರ ಗಮನವಿಟ್ಟು ಕೇಳಿ. ನೀವು ಮೂರು ಸಂಜೆ ಕುಳಿತು ಹೆಣೆದ ರಾಜವಂಶದ ಒಳಜಗಳ ಅದರಲ್ಲಿ ಬರುವುದೇ ಇಲ್ಲ, ಮಾತಿನ ಓಘದಲ್ಲಿ ನೀವು ಹೆಸರಿಟ್ಟ ಕುಂಟ ಅಂಬಿಗ ಬರುತ್ತಾನೆ. ಹಾಗಾದರೆ ಮುಂದಿನ ತಯಾರಿ ಅಂಬಿಗನದು.

ಹತ್ತು ಪುಟ ಬೇಡ. ಸೆಷನ್ ಮುಗಿಯಲು ಹತ್ತು ನಿಮಿಷ ಇರುವಾಗಲೇ ಕಥೆಯನ್ನು ನಿಲ್ಲಿಸಿ, ‘ಮುಂದಿನ ಸಲ ಏನು ಮಾಡುತ್ತೀರಿ?’ ಎಂದು ಕೇಳಿ. ನದಿ ದಾಟುತ್ತೇವೆ ಎಂದರೆ ನದಿಯನ್ನಷ್ಟೇ ಸಿದ್ಧಪಡಿಸಿ. ಆಚೆ ದಡದ ಊರಿನ ಹೆಸರೊಂದಿದ್ದರೆ ಸಾಕು. ಅವರು ಕೊಟ್ಟ ಉತ್ತರವನ್ನು ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಮುಂದಿನ ಸೆಷನ್‌ನ ದಿನಾಂಕವನ್ನು ಹಾಕಿ ಪಿನ್ ಮಾಡಿ. ತಿಂಗಳಿಗೊಮ್ಮೆ ಗುಂಪಿನ ಇನ್ನೊಬ್ಬರು ಡಿಎಂ ಆಗಿ ಒನ್‌ಶಾಟ್ ನಡೆಸಲಿ. ಆ ಭಾನುವಾರ ನಿಮ್ಮ ಕೈಗೆ ಒಂದೇ ಒಂದು ಪಾತ್ರ, ಒಂದೇ ಒಂದು ದಾಳ.